ನಿಂತದ್ದು ಪ್ರಯಾಣಿಕರು, ಗಾಡಿಗಳಲ್ಲ

ಲೈನ್ ಕ್ಲಿಯರ್: ಓದುಗರ ಪ್ರಶ್ನೆಗೆ ಬಳ್ಳಾರಿಯ ನಿವೃತ್ತ ಸ್ಟೇಷನ್ ಮಾಸ್ಟರ್ ಉತ್ತರ

ಕೊರೊನಾ ಕಾಲದ ರೈಲಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಪತ್ರಗಳು ನಿರೀಕ್ಷೆಗಿಂತ ಹೆಚ್ಚೇ ಬಂದಿವೆ. ಅರ್ಧದಷ್ಟು ಪತ್ರಗಳಲ್ಲಿ ಬೈಗುಳವೂ ಇದೆ. ಬೈಗುಳವನ್ನು ತೆಗೆದಿಟ್ಟು ಪ್ರಶ್ನೆಯನ್ನಷ್ಟೇ ಉಳಿಸಿಕೊಂಡಿದ್ದೇನೆ. ಹೊಸ ರೈಲು ಯಾವಾಗ, ನಮ್ಮೂರಿಗೆ ನಿಲುಗಡೆ ಯಾವಾಗ ಎಂದು ಕೇಳಿದವರಿಗೆ ಮುಂದಿನ ಸಲ ಉತ್ತರಿಸುತ್ತೇನೆ.

ಪ್ರಶ್ನೆ: ಸರ್, ಲಾಕ್‌ಡೌನ್‌ನಲ್ಲಿ ರೈಲುಗಳು ಪೂರ್ತಿ ನಿಂತಿದ್ದವು, ರೈಲ್ವೆಯವರು ಮನೆಯಲ್ಲಿ ಕುಳಿತು ಸಂಬಳ ತೆಗೆದುಕೊಂಡರು ಎಂದು ನಮ್ಮ ಮಾವ ಯಾವಾಗಲೂ ಹೇಳುತ್ತಾರೆ. ನಿಜವೇ?
ಪದವಿ ವಿದ್ಯಾರ್ಥಿನಿ, ಕೊಪ್ಪಳ

ತಂಗಿ, ಮಾವನವರಿಗೆ ನನ್ನ ನಮಸ್ಕಾರ ತಿಳಿಸು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತಲೆಗೆ ಐದು ಕೆ.ಜಿ. ಧಾನ್ಯ ಹೆಚ್ಚುವರಿಯಾಗಿ ಕೊಡಲು ಶುರು ಮಾಡಿತಲ್ಲ, ಅಷ್ಟೊಂದು ಧಾನ್ಯ ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೇಗೆ ಹೋಯಿತು ಎಂದು ಅವರನ್ನೇ ಕೇಳು.

ಆ ವರ್ಷ ಮಾರ್ಚ್ 22, ಜನತಾ ಕರ್ಫ್ಯೂ ಇದ್ದ ಭಾನುವಾರ, ಅಂದು ಮಧ್ಯರಾತ್ರಿಯಿಂದ ಪ್ರಯಾಣಿಕರ ಗಾಡಿಗಳನ್ನು ನಿಲ್ಲಿಸುವ ಆದೇಶ ಬಂತು. ಮೊದಲು ಮಾರ್ಚ್ 31ರವರೆಗೆ ಎಂದರು, ಆಮೇಲೆ ಏಪ್ರಿಲ್ 14 ಎಂದರು, ಆಮೇಲೆ ಮೇ 3. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿದಂದಿನಿಂದ ದೇಶದ ತುಂಬ ಪ್ರಯಾಣಿಕರ ರೈಲು ಹೀಗೆ ಒಟ್ಟಿಗೆ ನಿಂತದ್ದು ಅದೇ ಮೊದಲು. 1974ರ ಮೇ ತಿಂಗಳ ದೊಡ್ಡ ಮುಷ್ಕರದಲ್ಲೂ ಕೆಲವು ಗಾಡಿಗಳು ಓಡಿದ್ದವು.

ಆದರೆ ಗೂಡ್ಸ್ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ನಾನಾಗ ಬಳ್ಳಾರಿ ಮತ್ತು ಹೊಸಪೇಟೆಯ ನಡುವಿನ ಒಂದು ಸಣ್ಣ ನಿಲ್ದಾಣದಲ್ಲಿದ್ದೆ. ಕಲ್ಲಿದ್ದಲು, ಅದಿರು, ಉಕ್ಕಿನ ಸುರುಳಿ, ಪಡಿತರದ ಧಾನ್ಯ, ಮುಂಗಾರು ಹತ್ತಿರವಾದಂತೆ ಗೊಬ್ಬರ, ಎಲ್ಲವೂ ನನ್ನ ಕಣ್ಣೆದುರೇ ಹಾದುಹೋದವು. ಕೆಲಸ ಕಡಿಮೆಯಾಗಿತ್ತೇ ಎಂದರೆ, ಒಂದು ಲೆಕ್ಕದಲ್ಲಿ ಹೌದು. ಟಿಕೆಟ್ ಕೊಡುವುದಿರಲಿಲ್ಲ, ಗಾಡಿ ಎಲ್ಲಿಗೆ ಬಂತು ಎಂದು ಕಿಟಕಿ ಬಡಿಯುವವರಿರಲಿಲ್ಲ. ಮಾಮೂಲಿ ದಿನಗಳಲ್ಲಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸನ್ನು ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಹಾಕಿ ಗಂಟೆಗಟ್ಟಲೆ ನಿಲ್ಲಿಸುತ್ತೇವೆ. ಆಗ ದಾರಿ ಬಿಡಬೇಕಾದವರು ಯಾರೂ ಇಲ್ಲದ್ದರಿಂದ ಗೂಡ್ಸೇ ರಾಜ. ದೇಶದ ಗೂಡ್ಸ್ ಗಾಡಿಗಳ ಸರಾಸರಿ ವೇಗ ಗಂಟೆಗೆ 23 ಕಿ.ಮೀ. ಆಸುಪಾಸು ಇದ್ದದ್ದು ಆ ಜುಲೈ ಹೊತ್ತಿಗೆ 45 ಕಿ.ಮೀ. ದಾಟಿತು. ಅದಕ್ಕೆ ಭಾರಿ ಪ್ರಚಾರವೂ ಸಿಕ್ಕಿತು. ಹಳಿ ಖಾಲಿ ಇದ್ದರೆ ಯಾರು ಬೇಕಾದರೂ ಓಡಿಸುತ್ತಾರೆ ಎಂದು ಇಂಜಿನ್ ಓಡಿಸುವ ನಮ್ಮ ಲೋಕೊ ಪೈಲಟ್‌ಗಳು ನಗುತ್ತಿದ್ದರು.

ಇನ್ನು ಮನೆಯಲ್ಲಿ ಕುಳಿತ ವಿಷಯ. ಸಣ್ಣ ನಿಲ್ದಾಣ ಎಂದರೆ ಮೂರು ಪಾಳಿಗೆ ಮೂವರು ಮಾಸ್ಟರುಗಳು, ಹಳಿ ತಿರುಗಿಸುವ ಕೆಲಸಕ್ಕೆ ಪಾಳಿಗೊಬ್ಬ ಪಾಯಿಂಟ್ಸ್‌ಮನ್, ವಾರದ ರಜೆಗೆ ಬದಲಿಗೊಬ್ಬರು. ಇಷ್ಟರಲ್ಲಿ ಒಬ್ಬರಿಗೆ ಜ್ವರ ಬಂದು ಕ್ವಾರಂಟೈನ್ ಆದರೆ ಉಳಿದವರಿಗೆ ಎಂಟು ಗಂಟೆಯ ಪಾಳಿ ಹನ್ನೆರಡಾಗುತ್ತದೆ. ಅವರ ಜೊತೆ ಪಾಳಿ ಬದಲಿಸಿದವರನ್ನೂ ದೂರ ಇಡಬೇಕು ಎಂದರೆ ನಿಲ್ದಾಣವನ್ನೇ ಮುಚ್ಚಬೇಕು. ಮುಚ್ಚುವಂತಿಲ್ಲ. ಮೂವರೂ ಮುಟ್ಟುವುದು ಸಿಗ್ನಲ್ ಕೊಡುವ ಒಂದೇ ಪ್ಯಾನೆಲ್ಲಿನ ಗುಂಡಿಗಳನ್ನು, ಒಂದೇ ಫೋನನ್ನು, ಒಂದೇ ರಿಜಿಸ್ಟರನ್ನು. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಗುಂಡಿಗಳ ಮೇಲಿನ ಅಕ್ಷರ ಮಾಸಿದವು. ಎರಡು ನಿಲ್ದಾಣಗಳ ನಡುವೆ ಗಾಡಿ ಬಿಡುವ ಮೊದಲು ಈಚಿನ ಮಾಸ್ಟರು ಆಚಿನ ಮಾಸ್ಟರಿಗೆ ಮಾತಿನ ಖಾತ್ರಿಗೆ ಎರಡಂಕಿಯ ಒಂದು ಪ್ರೈವೇಟ್ ನಂಬರು ಹೇಳಬೇಕು. ಅದು ತಪ್ಪುವಂತಿಲ್ಲ. ಎರಡು ಪದರದ ಮಾಸ್ಕಿನ ಒಳಗಿಂದ ನಲವತ್ತಾರು ಎಂದರೆ ಆ ಕಡೆ ಐವತ್ತಾರು ಎಂದು ಕೇಳಿಸುತ್ತಿತ್ತು. ಹಾಗಾಗಿ ನಾಲ್ಕು, ಆರು ಎಂದು ಒಂದೊಂದೇ ಅಂಕಿ ಬಿಡಿಸಿ, ಮರಳಿ ಹೇಳಿಸಿ, ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಮಾಸ್ಕ್ ಗಲ್ಲಕ್ಕಿಳಿಸಿದವರನ್ನು ನಾನಂತೂ ಬೈಯಲಿಲ್ಲ.

ಇಂಜಿನ್ನಿನ ಒಳಗೆ ಲೋಕೊ ಪೈಲಟ್ ಮತ್ತು ಸಹಾಯಕ, ಕೈಚಾಚಿದರೆ ತಾಕುವಷ್ಟು ಜಾಗ. ಅಲ್ಲಿ ಆರಡಿ ಅಂತರ ಎಲ್ಲಿಂದ ತರುವುದು? ಕೆಲಸಕ್ಕೆ ಹಾಜರಾಗುವಾಗ ಲಾಬಿಯಲ್ಲಿ ಕೊಳವೆಗೆ ಊದಿ ಕುಡಿದಿಲ್ಲ ಎಂದು ತೋರಿಸುವ ಪರೀಕ್ಷೆಯನ್ನು ಸೋಂಕಿನ ಭಯದಿಂದ ಕೈಬಿಟ್ಟರು, ಬೆರಳಚ್ಚಿನ ಹಾಜರಿಯನ್ನೂ ಬಿಟ್ಟರು. ಊರಿಂದ ಊರಿಗೆ ಗಾಡಿ ತಂದವರು ತಂಗುವ ರನ್ನಿಂಗ್ ರೂಮಿನಲ್ಲಿ ಮಂಚಗಳನ್ನು ದೂರ ಸರಿಸಿದ್ದರು. ಆದರೆ ಒಬ್ಬ ಎದ್ದ ಮೇಲೆ ಅದೇ ಮಂಚದಲ್ಲಿ ಇನ್ನೊಬ್ಬ ಮಲಗಬೇಕಿತ್ತು. ಹೊರಗೆ ಬಂದರೆ ಹೋಟೆಲ್ ಇಲ್ಲ, ಚಹಾದಂಗಡಿ ಇಲ್ಲ. ಊರಿನ ಕಡೆ ಬೇಲಿ ಹಾಕಿ "ಹೊರಗಿನವರು ಬರಬೇಡಿ" ಎಂದು ಬರೆದಿದ್ದರು. ನಮ್ಮ ಕೀಮನ್ ಒಬ್ಬ ಹಳಿ ನೋಡಿಕೊಂಡು ನಡೆಯುತ್ತಾ ಹೋದರೆ, ವರ್ಷಗಟ್ಟಲೆ ಕುಡಿಯಲು ನೀರು ಕೊಟ್ಟ ತೋಟದ ಮನೆಯವರೇ ಬಾಗಿಲು ಹಾಕಿಕೊಂಡರಂತೆ. ಅವರ ತಪ್ಪೇನಿಲ್ಲ, ಆ ದಿನಗಳೇ ಹಾಗಿದ್ದವು.

ಸಂಬಳದ ಲೆಕ್ಕವನ್ನೂ ಮಾವನವರಿಗೆ ಒಪ್ಪಿಸು. ಕೇಂದ್ರ ನೌಕರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು, 2020ರ ಜನವರಿ, ಜುಲೈ ಮತ್ತು 2021ರ ಜನವರಿಯವು, ಸರ್ಕಾರ ತಡೆಹಿಡಿಯಿತು. 2021ರ ಜುಲೈನಲ್ಲಿ ಶೇ 17 ಇದ್ದದ್ದು ಒಮ್ಮೆಗೇ ಶೇ 28 ಆಯಿತು. ಆದರೆ ನಡುವಿನ 18 ತಿಂಗಳ ಬಾಕಿಯನ್ನು ಕೊಡಲಿಲ್ಲ.

ಪ್ರಶ್ನೆ: ನಮ್ಮ ಕಡೆಯಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಸಿಕ್ಕಿಬಿದ್ದರು. ಬಿಹಾರದವರಿಗೆ ಶ್ರಮಿಕ್ ರೈಲು ಬಿಟ್ಟರು, ನಮಗೆ ಯಾಕೆ ಬಿಡಲಿಲ್ಲ?
ಕಟ್ಟಡ ಕೆಲಸಗಾರ, ದೇವದುರ್ಗ

ತಮ್ಮಾ, ಶ್ರಮಿಕ್ ವಿಶೇಷ ಗಾಡಿಗಳ ಏರ್ಪಾಡೇ ರಾಜ್ಯದಿಂದ ರಾಜ್ಯಕ್ಕೆ. ಕಳಿಸುವ ರಾಜ್ಯ ಕೇಳಬೇಕು, ಕರೆಸಿಕೊಳ್ಳುವ ರಾಜ್ಯ ಒಪ್ಪಬೇಕು, ಆಮೇಲೆ ರೈಲ್ವೆ ಗಾಡಿ ಕೊಡುತ್ತದೆ. ಮೊದಲನೆಯದು 2020ರ ಮೇ 1ರಂದು ಹೈದರಾಬಾದಿನ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಕ್ಕೆ ಸುಮಾರು 1,200 ಜನರನ್ನು ಹೊತ್ತು ಹೋಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಇಂತಹ 4,600ಕ್ಕೂ ಹೆಚ್ಚು ಗಾಡಿಗಳಲ್ಲಿ 63 ಲಕ್ಷ ಜನ ಊರು ಸೇರಿದರು. ರಾಜ್ಯದೊಳಗಿನ ನಿಮ್ಮಂಥವರಿಗೆ ಕರ್ನಾಟಕ ಸರ್ಕಾರ ಸಾರಿಗೆ ಬಸ್ ಗೊತ್ತು ಮಾಡಿತು. ಮೇ 3ರಿಂದ ಕೆಲವು ದಿನ ಟಿಕೆಟ್ ದುಡ್ಡಿಲ್ಲದೆ ಒಯ್ದಿತು. ಆ ಬಸ್ಸಿಗಾಗಿ ಮೆಜೆಸ್ಟಿಕ್‌ನಲ್ಲಿ ಕಾದವರಲ್ಲಿ ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯವರೇ ಹೆಚ್ಚು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ರಾಜ್ಯದೊಳಗೆ ರೈಲು ಮತ್ತೆ ಶುರುವಾದದ್ದು ಮೇ 22ರಂದು. ಬೆಂಗಳೂರಿನಿಂದ ಮೈಸೂರಿಗೊಂದು, ದಾವಣಗೆರೆ ಮತ್ತು ಹುಬ್ಬಳ್ಳಿ ಮೇಲಾಗಿ ಬೆಳಗಾವಿಗೊಂದು. ನಮ್ಮ ಕಡೆಗೆ ಆಗಲೂ ಇಲ್ಲ. ಹೆಚ್ಚು ಜನ ಗುಳೆ ಹೋಗುವ ಜಿಲ್ಲೆಗಳಿಗೆ ಗಾಡಿ ಕೊನೆಗೆ ಬಂತು ಎಂಬ ನಿಮ್ಮ ಸಿಟ್ಟಿಗೆ ನನ್ನಲ್ಲಿ ಉತ್ತರವಿಲ್ಲ, ಸಮ್ಮತಿ ಇದೆ.

ಬಿಹಾರದವರನ್ನು ಕಂಡು ಹೊಟ್ಟೆಕಿಚ್ಚು ಪಡಬೇಡಿ. ಮೇ ಮೊದಲ ವಾರ ಕಟ್ಟಡ ಉದ್ಯಮದವರ ಜೊತೆ ಮುಖ್ಯಮಂತ್ರಿಗಳ ಸಭೆಯಾದ ಬೆನ್ನಲ್ಲೇ ರಾಜ್ಯ ಸರ್ಕಾರ "ಗಾಡಿ ಬೇಡ" ಎಂದು ರೈಲ್ವೆಗೆ ಪತ್ರ ಬರೆಯಿತು. ಕೆಲಸಗಾರರು ಹೋದರೆ ಕಟ್ಟಡ ಕಟ್ಟುವವರು ಯಾರು ಎಂಬ ಚಿಂತೆ. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನಗಳಲ್ಲಿ ಮನಸ್ಸು ಬದಲಾಯಿಸಿದರು. ಊರಿಗೆ ಹೋಗುತ್ತೇನೆ ಎಂದ ಕೂಲಿಯವನನ್ನು ತಡೆಯಲು ಹೊರಟಿದ್ದು ನನ್ನ ಕಣ್ಣಲ್ಲಿ ಆ ವರ್ಷದ ಅತಿ ಕೆಟ್ಟ ನಿರ್ಧಾರ.

ನಡೆದುಕೊಂಡು ಹೊರಟವರ ವಿಷಯವನ್ನೂ ಹೇಳಬೇಕು. ಹೆದ್ದಾರಿಯಲ್ಲಿ ಪೊಲೀಸರು ತಡೆಯುತ್ತಾರೆ, ಹಳಿ ಹಿಡಿದರೆ ದಾರಿ ತಪ್ಪುವುದಿಲ್ಲ, ಹೇಗೂ ರೈಲಿಲ್ಲವಲ್ಲ ಎಂದು ಜನ ಹಳಿ ಮೇಲೆ ನಡೆದರು. "ರೈಲು ನಿಂತಿದೆ" ಎಂಬ ಸುದ್ದಿ ಎಷ್ಟು ಅಪಾಯದ್ದು ಎಂದು ನಮಗೆ ಗೊತ್ತಿತ್ತು. ನಮ್ಮ ಕೀಮನ್, ಹಳಿ ದುರಸ್ತಿಯ ಗ್ಯಾಂಗಿನವರು ದಾರಿಯಲ್ಲಿ ಯಾರೇ ಕಂಡರೂ ನಿಲ್ದಾಣಕ್ಕೆ ಫೋನ್ ಮಾಡುತ್ತಿದ್ದರು. ನಾವು ಬರುವ ಗಾಡಿಗೆ ಎಚ್ಚರಿಕೆ ಕೊಡುತ್ತಿದ್ದೆವು, ನಡೆಯುವವರನ್ನು ಕೆಳಗಿನ ಕಾಲುದಾರಿಗೆ ಇಳಿಸುತ್ತಿದ್ದೆವು. ಒಂದು ಕುಟುಂಬ ನಿಲ್ದಾಣದ ನಲ್ಲಿಯ ಹತ್ತಿರ ಕುಳಿತು ನೀರು ಕುಡಿಯುತ್ತಿರುವಾಗ ಎರಡನೇ ಲೈನಿನಲ್ಲಿ ಕಲ್ಲಿದ್ದಲಿನ ಗಾಡಿ ಭರ್‌ ಎಂದು ಹಾದುಹೋಯಿತು. "ಇದು ಹ್ಯಾಗ ಬಂತು?" ಎಂದು ಆ ಹೆಂಗಸು ಕೇಳಿದಳು. ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಬದನಾಪುರ ಮತ್ತು ಕರ್ಮಾಡ್ ನಡುವೆ ಹಳಿ ಮೇಲೆ ಮಲಗಿದ್ದ 16 ಜನ ಕೆಲಸಗಾರರು ಗೂಡ್ಸ್ ಗಾಡಿಗೆ ಸಿಕ್ಕು ಸತ್ತರು. ಮಧ್ಯಪ್ರದೇಶದ ತಮ್ಮ ಊರುಗಳ ಕಡೆ ಹೊರಟವರು. ಜನರನ್ನು ಕರೆದೊಯ್ಯುವ ಗಾಡಿ ಮಾತ್ರ ನಿಂತಿದೆ, ಸಾಮಾನು ಒಯ್ಯುವುದು ಓಡುತ್ತಲೇ ಇದೆ ಎಂದು ಅವರಿಗೆ ಒತ್ತಿ ಹೇಳಿದವರು ಯಾರೂ ಇರಲಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಟ್ರ್ಯಾಕ್ ಮೇಂಟೇನರ್ ಆಗಿದ್ದರು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಹೋದರು. ಡಾಕ್ಟರು, ಪೊಲೀಸರಿಗೆ ಸಿಕ್ಕ ಗೌರವ ಇವರಿಗೆ ಸಿಗಲಿಲ್ಲ ಎಂಬ ಸಂಕಟವಿದೆ. ಮಗ ಆಗ ಚಿಕ್ಕವನು. ಅವನಿಗೆ ನೌಕರಿ ಕೇಳಲು ಈಗ ತಡವಾಯಿತೇ?
ಹೆಸರು ಬೇಡ, ಬಳ್ಳಾರಿ

ತಾಯೀ, ಮೊದಲು ಕೆಲಸದ ಮಾತು. ಸೇವೆಯಲ್ಲಿರುವಾಗ ತೀರಿಕೊಂಡವರ ಮಕ್ಕಳಿಗೆ ಅನುಕಂಪದ ನೇಮಕಾತಿ ಇದೆ. ಅದಕ್ಕೆ ಸಾವಿನ ಕಾರಣ ಕೋವಿಡ್ಡೇ ಆಗಿರಬೇಕೆಂದೇನೂ ಇಲ್ಲ. ಮಗ ಅಪ್ರಾಪ್ತನಾಗಿದ್ದರೆ ಪ್ರಾಯಕ್ಕೆ ಬಂದ ಮೇಲೆ ಅರ್ಜಿ ಹಾಕಲು ಅವಕಾಶವಿದೆ. ಆದರೆ ಪ್ರಾಯಕ್ಕೆ ಬಂದ ಮೇಲೆ ಸುಮ್ಮನಿರಬೇಡಿ, ಗಡುವು ಅಲ್ಲಿಂದ ಓಡತೊಡಗುತ್ತದೆ. ಈಗಲೇ ಹುಬ್ಬಳ್ಳಿ ವಿಭಾಗದ ಪರ್ಸನಲ್ ಶಾಖೆಗೆ ಹೋಗಿ ವೆಲ್ಫೇರ್ ಇನ್‌ಸ್ಪೆಕ್ಟರನ್ನು ಕಾಣಿರಿ. ಮನೆಗೆ ಬಂದು ವಿಚಾರಣೆ ಮಾಡಿ ವರದಿ ಬರೆಯುವವರು ಅವರೇ. ಮರಣ ಪ್ರಮಾಣಪತ್ರ, ಮಗನ ಶಾಲಾ ದಾಖಲೆ, ಯಜಮಾನರ ಪಿಂಚಣಿ ಆದೇಶದ ಪ್ರತಿ ಒಂದು ಚೀಲದಲ್ಲಿರಲಿ. ಅರ್ಜಿಯ ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಮಧ್ಯವರ್ತಿಗೆ ಒಂದು ರೂಪಾಯಿ ಕೊಡಬೇಡಿ, ಸಂಘದ ಪದಾಧಿಕಾರಿ ಎಂದು ಹೇಳಿಕೊಂಡು ಬಂದರೂ ಸರಿ.

ಕೋವಿಡ್ ಸಾವಿಗೆ ವಿಪತ್ತು ನಿಧಿಯಿಂದ 50,000 ರೂಪಾಯಿ ಕೊಡುವುದೆಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2021ರಲ್ಲಿ. ಅದನ್ನು ನೀವು ಪಡೆದಿರಬಹುದು. ಪಡೆಯದೇ ಇದ್ದರೆ ಮಾಮೂಲು ಗಡುವು 2022ರಲ್ಲೇ ಮುಗಿದಿದೆ. ತಡವಾದವರ ಅಹವಾಲು ಕೇಳಲು ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ಸಮಿತಿ ಎಂದಿತ್ತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಆದರೆ ಆ ಹಣವನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಇನ್ನು ಸಂಕಟದ ಮಾತು. 2021ರ ಮೇ 10ರಂದು ರೈಲ್ವೆ ಮಂಡಳಿಯ ಅಧ್ಯಕ್ಷರೇ ಹೇಳಿದ ಲೆಕ್ಕ ಇದು: ಅಲ್ಲಿಯವರೆಗೆ 1,952 ರೈಲ್ವೆ ನೌಕರರು ಕೋವಿಡ್‌ನಿಂದ ಸತ್ತಿದ್ದರು, ದಿನಕ್ಕೆ ಸುಮಾರು 1,000 ಜನರಿಗೆ ಸೋಂಕು ತಗಲುತ್ತಿತ್ತು. ಎರಡನೇ ಅಲೆ ಇನ್ನೂ ಇಳಿದಿರಲಿಲ್ಲ, ನಿಮ್ಮ ಯಜಮಾನರು ಆ ಲೆಕ್ಕದಲ್ಲಿ ಇದ್ದಾರೋ ಅದರ ನಂತರದವರೋ. ಅದಕ್ಕೂ ಮೊದಲು, 2020ರ ಸೆಪ್ಟೆಂಬರ್ 23ರಂದು, ರೈಲ್ವೆ ಖಾತೆಯ ರಾಜ್ಯ ಸಚಿವರಾಗಿದ್ದ ನಮ್ಮ ಬೆಳಗಾವಿಯ ಸುರೇಶ ಅಂಗಡಿ ಅವರೂ ಇದೇ ರೋಗಕ್ಕೆ ತುತ್ತಾದರು. ಆದರೆ ಆರೋಗ್ಯ ಕಾರ್ಯಕರ್ತರಿಗೆ ಕೇಂದ್ರ ಘೋಷಿಸಿದ 50 ಲಕ್ಷ ರೂಪಾಯಿಯ ವಿಮೆ ಹಳಿ ಮೇಲೆ ದುಡಿಯುವವರಿಗೆ ಅನ್ವಯವಾಗಲಿಲ್ಲ. ನಮ್ಮನ್ನೂ ಮುಂಚೂಣಿಯವರೆಂದು ಪರಿಗಣಿಸಿ ಎಂದು ಸಂಘಗಳು ಮನವಿ ಮೇಲೆ ಮನವಿ ಕೊಟ್ಟವು.

ಗ್ಯಾಂಗಿನ ಕೆಲಸ ಮನೆಯಿಂದ ಮಾಡುವಂಥದ್ದಲ್ಲ. ಒಂದು ಹಳಿಯ ತುಂಡನ್ನು ಎತ್ತಬೇಕಾದರೆ ಹತ್ತಾರು ಜನ ಭುಜಕ್ಕೆ ಭುಜ ಕೊಟ್ಟು, ಒಂದೇ ದನಿಯಲ್ಲಿ ಕೂಗು ಹಾಕಿ ಎತ್ತಬೇಕು. ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲಿ ಹಳಿ ಹಿಗ್ಗುತ್ತದೆ, ಆಗ ಕಾವಲು ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. ಆ ಮೇ ತಿಂಗಳಲ್ಲಿ ನಮ್ಮ ಸೆಕ್ಷನ್ನಿನ ಗ್ಯಾಂಗುಗಳಲ್ಲಿ ಅರ್ಧದಷ್ಟು ಜನ ಕೆಮ್ಮುತ್ತಲೇ ಕೆಲಸಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ರಜೆ ಹಾಕಿದರೆ ಜೊತೆಗಾರನ ಮೇಲೆ ಹೊರೆ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ. ನಿಮ್ಮ ಯಜಮಾನರು ನನಗೆ ಪರಿಚಯವೇ ಇದ್ದರೇನೋ. ಅವರು ಕಾಯ್ದ ಹಳಿಯ ಮೇಲೆ ಆ ದಿನಗಳಲ್ಲಿ ಆಕ್ಸಿಜನ್ ಗಾಡಿಗಳಿಗೂ ದಾರಿ ಇತ್ತು ಎಂದು ಮಗನಿಗೆ ಹೇಳಿ.

ಪ್ರಶ್ನೆ: ಆಕ್ಸಿಜನ್ ತಯಾರಾಗುವುದು ನಮ್ಮ ತೋರಣಗಲ್ಲಿನಲ್ಲೇ. ಹೀಗಿರುವಾಗ ಬೆಂಗಳೂರಿಗೆ ಜಾರ್ಖಂಡಿನಿಂದ ರೈಲಿನಲ್ಲಿ ತಂದದ್ದು ಯಾಕೆ?
ಲಾರಿ ಮಾಲೀಕ, ಸಂಡೂರು

ಯಜಮಾನರೇ, ಉಕ್ಕು ಮಾಡಲು ಆಕ್ಸಿಜನ್ ಬೇಕೇ ಬೇಕು. ಹಾಗಾಗಿ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ತಮ್ಮದೇ ಘಟಕ ಇರುತ್ತದೆ. ಗಾಳಿಯನ್ನು ತಂಪು ಮಾಡಿ ಮಾಡಿ, ಮೈನಸ್ 183 ಡಿಗ್ರಿಯ ಆಸುಪಾಸಿನಲ್ಲಿ ಆಕ್ಸಿಜನ್ ದ್ರವವಾಗುತ್ತದೆ. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ಆ ದ್ರವವನ್ನು ಆಸ್ಪತ್ರೆಗಳ ಕಡೆಗೆ ತಿರುಗಿಸಿತು. ಆದರೆ ಯಾವ ರಾಜ್ಯಕ್ಕೆ ಎಷ್ಟು ಟನ್, ಯಾವ ಕಾರ್ಖಾನೆಯಿಂದ ಎಂದು ಹಂಚುತ್ತಿದ್ದದ್ದು ಕೇಂದ್ರ ಸರ್ಕಾರ. ಇಲ್ಲಿನ ಆಕ್ಸಿಜನ್ನಿನಲ್ಲಿ ಬೇರೆ ರಾಜ್ಯದ ಪಾಲೂ ಇತ್ತು. ಕರ್ನಾಟಕದ ಪಾಲು ದಿನಕ್ಕೆ 965 ಟನ್ ಇದ್ದದ್ದು ಸಾಲದು, 1,200 ಮಾಡಿ ಎಂದು ಹೈಕೋರ್ಟ್ ಹೇಳಿತು. ಮೇ 7ರಂದು ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಅದಾದ ಮೇಲೆ, ಮೇ 11ರಂದು, ಕರ್ನಾಟಕದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಟಾಟಾನಗರದಿಂದ ಆರು ಕಂಟೇನರುಗಳಲ್ಲಿ 120 ಟನ್ ತುಂಬಿಕೊಂಡು ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂದು ಸೇರಿತು.

ತೋರಣಗಲ್ಲಿನಿಂದ ಬೆಂಗಳೂರಿಗೆ ಟ್ಯಾಂಕರ್ ಒಂದು ರಾತ್ರಿಯಲ್ಲಿ ರಸ್ತೆ ಮೇಲೆ ಹೋಗಿ ಮುಟ್ಟುತ್ತದೆ. ಗಾಡಿಗೆ ಹತ್ತಿಸಿ ಇಳಿಸುವ ಹೊತ್ತಿನಲ್ಲಿ ಅದು ತುಮಕೂರು ದಾಟಿರುತ್ತದೆ. ರೈಲು ಲಾಭವಾಗುವುದು ಸಾವಿರಾರು ಕಿಲೋಮೀಟರಿನ ದಾರಿಗೆ. ಲಾರಿ ಮಾಲೀಕರಾದ ನಿಮಗೆ ಇದನ್ನು ನಾನು ಹೇಳುವುದು ನನಗೇ ನಗು ತರಿಸುತ್ತದೆ. ಟ್ಯಾಂಕರನ್ನು ವಿಮಾನದಲ್ಲಿ ಸಾಗಿಸಲಿಲ್ಲವೇ ಎನ್ನಬಹುದು. ಖಾಲಿ ಟ್ಯಾಂಕರನ್ನು ಮಾತ್ರ ಸಾಗಿಸಿದರು, ತುಂಬಿದ್ದನ್ನು ವಿಮಾನಕ್ಕೆ ಹತ್ತಿಸುವುದು ಅಪಾಯ. ರೈಲಿನ ಕಷ್ಟವೇ ಬೇರೆ. ಲಾರಿಯನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ಹತ್ತಿಸಿದರೆ ಎತ್ತರ ಹೆಚ್ಚಾಗುತ್ತದೆ, ಮೇಲೆ 25,000 ವೋಲ್ಟಿನ ತಂತಿ, ನಡುನಡುವೆ ರಸ್ತೆ ಸೇತುವೆಗಳು. ಅಳತೆ ಮಾಡಿ ಮಾಡಿ, 1,290 ಮಿ.ಮೀ. ಎತ್ತರದ ವ್ಯಾಗನ್ನಿನ ಮೇಲೆ 3,320 ಮಿ.ಮೀ.ವರೆಗಿನ ಟ್ಯಾಂಕರ್ ಹೋಗಬಹುದು ಎಂದು ಕಂಡುಕೊಂಡರು. ಏಪ್ರಿಲ್ 19ರಂದು ಮುಂಬೈ ಹತ್ತಿರದ ಕಳಂಬೋಲಿಯಿಂದ ವಿಶಾಖಪಟ್ಟಣಕ್ಕೆ ಹೊರಟ ಖಾಲಿ ಟ್ಯಾಂಕರುಗಳ ಗಾಡಿಯೇ ಇದರ ಆರಂಭ.

ತೋರಣಗಲ್ಲಿಗೆ ಅನ್ಯಾಯವಾಯಿತು ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ದ್ರವ ಮಾಡಿ ಸಾಗಿಸುವ ತಾಪತ್ರಯವೇ ಬೇಡವೆಂದು ಕಾರ್ಖಾನೆಯ ಪಕ್ಕದಲ್ಲೇ ಅದೇ ಮೇ ತಿಂಗಳಲ್ಲಿ 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎಬ್ಬಿಸಿ, ಕೊಳವೆಯಲ್ಲಿ ನೇರ ಅನಿಲವನ್ನೇ ಹರಿಸಿದರು. ಬುದ್ಧಿವಂತಿಕೆಯ ಕೆಲಸ.

ಪ್ರಶ್ನೆ: ರೈಲು ಬೋಗಿಗಳನ್ನು ಆಸ್ಪತ್ರೆ ಮಾಡಿದ್ದರಂತೆ. ಅದರಲ್ಲಿ ಯಾರಾದರೂ ಮಲಗಿದ್ದರೇ?
ಎಂಟನೇ ತರಗತಿ, ಕುಷ್ಟಗಿ

ಕೆಲವು ರಾಜ್ಯಗಳಲ್ಲಿ ಮಲಗಿದ್ದರು ಪುಟ್ಟಾ, ಮಾಡಿಟ್ಟಷ್ಟು ಬೋಗಿಗಳಿಗೆ ಹೋಲಿಸಿದರೆ ಬಹಳ ಕಡಿಮೆ. ದೇಶದಲ್ಲಿ 5,000ಕ್ಕೂ ಹೆಚ್ಚು ಹಳೆಯ ಸ್ಲೀಪರ್ ಬೋಗಿಗಳಲ್ಲಿ ನಡುವಿನ ಮಲಗುವ ಹಲಗೆ ತೆಗೆದು, ಒಂದು ಶೌಚಾಲಯವನ್ನು ಸ್ನಾನದ ಮನೆ ಮಾಡಿ, ಕಿಟಕಿಗೆ ಸೊಳ್ಳೆ ಪರದೆ ಹಾಕಿ, ಆಕ್ಸಿಜನ್ ಸಿಲಿಂಡರ್ ಇಟ್ಟರು. ಎ.ಸಿ. ಬೋಗಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಸುತ್ತುತ್ತದೆ ಎಂದು ಎ.ಸಿ. ಇಲ್ಲದವನ್ನೇ ಆರಿಸಿದ್ದರು. ಆದರೆ ನೀನೊಮ್ಮೆ ಮೇ ತಿಂಗಳ ಮಧ್ಯಾಹ್ನ ಕೊಪ್ಪಳ ನಿಲ್ದಾಣದಲ್ಲಿ ನಿಂತ ಬೋಗಿಯೊಳಗೆ ಹತ್ತು ನಿಮಿಷ ಕುಳಿತು ನೋಡು, ಕಾರಣ ತಿಳಿಯುತ್ತದೆ.

ಪ್ರಶ್ನೆ: ಪ್ಯಾಸೆಂಜರ್ ಗಾಡಿಗೆ 10 ರೂಪಾಯಿ ಇದ್ದ ಟಿಕೆಟ್ ಕೊರೊನಾ ಹೋದ ಮೇಲೂ ವರ್ಷಗಟ್ಟಲೆ 30 ರೂಪಾಯಿ ಇತ್ತಲ್ಲ, ಅದು ಯಾವ ನ್ಯಾಯ?
ತರಕಾರಿ ವ್ಯಾಪಾರಿ, ಗಂಗಾವತಿ

ನ್ಯಾಯವಲ್ಲ ಅಕ್ಕಾ, ನಂಬರಿನ ಆಟ. ಗಾಡಿಗಳು ಮತ್ತೆ ಓಡಿದಾಗ ಅವನ್ನು "ವಿಶೇಷ" ಎಂದು ಕರೆದು ನಂಬರಿನ ಮೊದಲ ಅಂಕಿ ತೆಗೆದು ಸೊನ್ನೆ ಹಾಕಿದರು. ಹಂಪಿ ಎಕ್ಸ್‌ಪ್ರೆಸ್ಸಿನ 16591 ಹೋಗಿ 06591 ಆಯಿತು. ಅದೇ ಬೋಗಿ, ಅದೇ ದಾರಿ, ಅದೇ ಹಂಪಿ. ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ್ಜೆ ಕೊಟ್ಟರು, ಹಾಗಾಗಿ ಒಂದೇ ಸ್ಟೇಷನ್ ಹೋದರೂ 30 ರೂಪಾಯಿ. ಅನಗತ್ಯ ಪ್ರಯಾಣ ತಡೆಯಲು ಎಂದು ಕಾರಣ ಕೊಟ್ಟರು. ಸೊಪ್ಪಿನ ಬುಟ್ಟಿ ಹೊತ್ತು ಸಂತೆಗೆ ಹೋಗುವುದು ಯಾರ ಲೆಕ್ಕದಲ್ಲಿ ಅನಗತ್ಯವೋ ನನಗೆ ತಿಳಿಯದು. 2021ರ ನವೆಂಬರಿನಲ್ಲಿ ಎಕ್ಸ್‌ಪ್ರೆಸ್‌ಗಳ ಸೊನ್ನೆ ಹೋಯಿತು. ಪ್ಯಾಸೆಂಜರ್ ದರ ಹಳೆಯದಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಆಗ ಲೋಕಸಭಾ ಚುನಾವಣೆ ಹತ್ತಿರವಿತ್ತು, ಅಷ್ಟು ಹೇಳಿ ಬಿಡುತ್ತೇನೆ.

ಪ್ರಶ್ನೆ: ಹಿರಿಯರ ರಿಯಾಯಿತಿ ಮತ್ತೆ ಬರುತ್ತದೆಯೇ? ನಾನು ಮತ್ತು ನನ್ನ ಶ್ರೀಮತಿ ಪ್ರತಿವರ್ಷ ತಿರುಪತಿಗೆ ಹೋಗುವವರು.
ನಿವೃತ್ತ ಶಿಕ್ಷಕರು, ರಾಯಚೂರು

ಗುರುಗಳೇ, 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಿದರು. ವಯಸ್ಸಾದವರು ಓಡಾಡದಿರಲಿ, ಸೋಂಕು ತಗಲದಿರಲಿ ಎಂಬ ಕಾರಣಕ್ಕೆ. ಆ ವಾರಕ್ಕೆ ಅದು ಸರಿಯಾದ ಕಾರಣವೇ. ಅದೇ ಕಾರಣಕ್ಕೆ ಪ್ಲಾಟ್‌ಫಾರ್ಮ್ ಟಿಕೆಟ್ಟನ್ನು ಎಷ್ಟೋ ನಿಲ್ದಾಣಗಳಲ್ಲಿ 50 ರೂಪಾಯಿ ಮಾಡಿದ್ದರು. ಎ.ಸಿ. ಬೋಗಿಯ ಹೊದಿಕೆ, ಪರದೆಗಳನ್ನೂ ತೆಗೆದಿದ್ದರು. ಹೊದಿಕೆ 2022ರ ಮಾರ್ಚ್‌ನಲ್ಲಿ ವಾಪಸು ಬಂತು. ನಿಮ್ಮ ರಿಯಾಯಿತಿ ನಾನಿದನ್ನು ಬರೆಯುವವರೆಗೂ ಬಂದಿಲ್ಲ. ಅಂಗವಿಕಲರ, ರೋಗಿಗಳ, ವಿದ್ಯಾರ್ಥಿಗಳ ಕೆಲವು ವರ್ಗಗಳಿಗೆ ಮಾತ್ರ ಉಳಿಸಿದ್ದಾರೆ. ಸಂಸತ್ತಿನಲ್ಲಿ ಪ್ರತಿ ಸಲ ಕೇಳಿದಾಗಲೂ ಎಲ್ಲ ಪ್ರಯಾಣಿಕರಿಗೂ ಸರಾಸರಿ ಸುಮಾರು ಅರ್ಧದಷ್ಟು ರಿಯಾಯಿತಿ ಈಗಾಗಲೇ ಇದೆ ಎಂಬ ಉತ್ತರ ಬರುತ್ತದೆ. ರೋಗದ ಹೆಸರಿನಲ್ಲಿ ತೆಗೆದದ್ದನ್ನು ಹಣದ ಹೆಸರಿನಲ್ಲಿ ಉಳಿಸಿಕೊಂಡರು ಎಂದು ನಾನು ಓದಿಕೊಳ್ಳುತ್ತೇನೆ. ಸ್ಲೀಪರಿನಲ್ಲಿ ಹೋಗಿ ಬನ್ನಿ. ವಯಸ್ಸು ನಮೂದಿಸಿದರೆ ಸೀಟು ಇರುವವರೆಗೆ ಕೆಳಗಿನ ಬರ್ತ್ ಕೊಡುವ ವ್ಯವಸ್ಥೆ ಇದ್ದೇ ಇದೆ.

ಪ್ರಶ್ನೆ: ಹಿಂದೆ ಪ್ಲೇಗ್ ಬಂದಾಗಲೂ ರೈಲು ನಿಲ್ಲಿಸಿದ್ದರೇ?
ಕೃಷಿಕರು, ಸಿರುಗುಪ್ಪ

ಇಲ್ಲ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ನಮ್ಮ ರಾಯಚೂರಿನಲ್ಲೇ ಕೂಡಿದವು. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿದಾಗ ಈ ಹಳಿಯೇ ಭಯದ ದಾರಿಯಾಯಿತು. ಆದರೂ ಗಾಡಿ ನಿಲ್ಲಿಸಲಿಲ್ಲ, ಜನರನ್ನು ಇಳಿಸಿ ತಪಾಸಣೆ ಮಾಡಿದರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ರೈಲಿನಲ್ಲಿ ಬರುವವರನ್ನು ಪರೀಕ್ಷಿಸಿ ಪ್ರತ್ಯೇಕ ಇಡುವ ಅಧಿಕಾರವನ್ನು ರೈಲಿನ ಹೆಸರೆತ್ತಿಯೇ ಬರೆದಿದ್ದಾರೆ. 1898ರಲ್ಲಿ ಹುಬ್ಬಳ್ಳಿ ನಲುಗಿತು, ಅದೇ ವರ್ಷ ಬೆಂಗಳೂರಿಗೂ ತಗಲಿತು. 1918ರ ಇನ್‌ಫ್ಲುಯೆಂಜಾ ಕೂಡ ಮುಂಬೈಯಿಂದ ರೈಲು ಹಿಡಿದೇ ಒಳನಾಡಿಗೆ ಹರಡಿತು, ಆಗಲೂ ಗಾಡಿ ಓಡಿತು. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಹೊರಡಿಸಿದ ಕೋವಿಡ್ ನಿಯಮಗಳಿಗೂ ಆಧಾರ ಅದೇ 1897ರ ಕಾಯ್ದೆ.

ಪ್ರಶ್ನೆ: ರಾಯಚೂರು ನಿಲ್ದಾಣದಲ್ಲಿ ನಮ್ಮ ಅಪ್ಪ ಕೂಲಿ. ಲಾಕ್‌ಡೌನ್‌ನಲ್ಲಿ ರೈಲ್ವೆ ಅವರಿಗೆ ಸಂಬಳ ಕೊಡಬೇಕಿತ್ತಲ್ಲವೇ?
ಐ.ಟಿ.ಐ. ವಿದ್ಯಾರ್ಥಿ, ರಾಯಚೂರು

ಕೊಡಬೇಕಿತ್ತು ಎಂದು ನಾನೂ ಹೇಳುತ್ತೇನೆ, ಕಾನೂನು ಹೇಳುವುದಿಲ್ಲ. ಕೂಲಿಗಳಿಗೆ ರೈಲ್ವೆ ಕೊಡುವುದು ಬಿಲ್ಲೆ ಮತ್ತು ಪರವಾನಗಿ, ಸಂಬಳವಲ್ಲ. 2016ರಲ್ಲಿ ಬಜೆಟ್ಟಿನಲ್ಲಿ ಅವರನ್ನು "ಸಹಾಯಕ" ಎಂದು ಕರೆದರು, ಅಷ್ಟೇ. ಹೊರುವ ಪೆಟ್ಟಿಗೆ ಇಲ್ಲವೆಂದರೆ ಆ ದಿನದ ಊಟವಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಮಾರುವವರದ್ದೂ ಇದೇ ಕಥೆ. ನನ್ನ ತುಟ್ಟಿಭತ್ಯೆ ಹೋಯಿತೆಂದು ಮೇಲೆ ಗೊಣಗಿದೆನಲ್ಲ, ನಿನ್ನ ಅಪ್ಪನ ಮುಂದೆ ಗೊಣಗಲಾರೆ.

ಪ್ರಶ್ನೆ: 2020ರ ಏಪ್ರಿಲ್ ತಿಂಗಳಿಗೆ ಕೌಂಟರಿನಲ್ಲಿ ತೆಗೆಸಿದ್ದ ಎರಡು ಟಿಕೆಟ್ ಬೀರುವಿನಲ್ಲಿ ಸಿಕ್ಕಿವೆ. ಹಣ ಬರುತ್ತದೆಯೇ?
ಗೃಹಿಣಿ, ಕಂಪ್ಲಿ

ಬರುವುದಿಲ್ಲ ತಾಯೀ. ರದ್ದಾದ ಗಾಡಿಗಳ ಕೌಂಟರ್ ಟಿಕೆಟ್ಟಿಗೆ ಪೂರ್ತಿ ಹಣ ವಾಪಸು ಕೊಟ್ಟರು. ಮೊದಲು ಆರು ತಿಂಗಳು, ಆಮೇಲೆ ಪ್ರಯಾಣದ ದಿನದಿಂದ ಒಂಬತ್ತು ತಿಂಗಳವರೆಗೆ ಗಡುವು ಹೆಚ್ಚಿಸಿದರು. ನಿಮ್ಮದು 2021ರ ಜನವರಿಗೇ ಮುಗಿಯಿತು. ಅದೇ ದಿನಗಳಲ್ಲಿ ಮೊಬೈಲಿನಲ್ಲಿ ತೆಗೆಸಿದ ಟಿಕೆಟ್ ಬೇರೆ ಇದ್ದರೆ ಅದರ ಹಣ ತಾನಾಗಿಯೇ ಖಾತೆಗೆ ಜಮೆಯಾಗಿರಬೇಕು. ಟಿಕೆಟ್ ತೆಗೆಸಿಕೊಟ್ಟವರ ಖಾತೆಗೆ ಎಂಬುದು ನೆನಪಿರಲಿ. ಮಗನನ್ನೋ ಪಕ್ಕದ ಸೈಬರ್ ಅಂಗಡಿಯವನನ್ನೋ ಕೇಳಿ ನೋಡಿ.